ನೈಂಟಿ ನಂಬರ್ ಆಯಿಲ್ ಮೀಮಾಂಸೆ: ಅಕ್ಕಲಕೋಟೆ ಪಾಠ

ಅಂಗಡಿಯವರ ಸ್ವಂತ ಹೆಸರಿನ ಅಗ್ಗದ ಗೇರ್ ಆಯಿಲ್ ಸಾಧಾರಣ ಗಾಡಿಗೆ ಸಾಕೋ ಸಾಲದೋ ಎಂಬ ಜಿಜ್ಞಾಸೆ ಸೊಲ್ಲಾಪುರ ಸೀಮೆಯ ಗ್ಯಾರೇಜುಗಳಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕರಲ್ಲೂ ನಡೆದಿದೆ, ನಾಲ್ಕರಲ್ಲೂ ಮುಗಿದಿಲ್ಲ. ಈ ಸೀಮೆ ಯಾರದೆಂದು ಮಹಾಜನ ಆಯೋಗ 1967ರಲ್ಲಿ ವರದಿ ಬರೆಯಿತಾದರೂ ಎಣ್ಣೆಯ ಗೋಜಿಗೆ ಹೋಗಲಿಲ್ಲ. ಆ ಕೊರತೆಯನ್ನು ಪ್ರಸ್ತುತ ಪ್ರಬಂಧ ನೀಗಿಸುತ್ತದೆ.

ಮೊದಲು ಲಕ್ಷಣ ನಿರೂಪಣೆ. ‘ಸಾಧಾರಣ ಗಾಡಿ’ ಯಾವುದು? ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ವಡಾಪ್ ಜೀಪಿನಲ್ಲಿ ಆರ್‌ಸಿ ಪುಸ್ತಕ ಒಪ್ಪುವಷ್ಟು ಜನ ಒಳಗಿರುತ್ತಾರೆ, ಒಪ್ಪದಷ್ಟು ಜನ ಹಿಂದೆ ಜೋತಿರುತ್ತಾರೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ., ನಡುವೆ ಒಂದು ಘಾಟಿಯೂ ಇಲ್ಲ. ಘಾಟಿಯ ಕೆಲಸವನ್ನು ಪ್ರಯಾಣಿಕರೇ ಮಾಡುತ್ತಾರೆ.

ಇನ್ನು ಪ್ರಮಾಣಗಳು. ಮಿಸ್ತ್ರಿಗಳು ನೆಚ್ಚುವುದು ಪ್ರತ್ಯಕ್ಷವನ್ನು. ಎಣ್ಣೆಯನ್ನು ಮೂಸುತ್ತಾರೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಾರ ಎಳೆಯುತ್ತಾರೆ. ಮೂಸುವುದು ತೀರಾ ಮೂಢನಂಬಿಕೆಯಲ್ಲ: ಹಲ್ಲಿಗೆ ಹಲ್ಲು ಒತ್ತಿ ಎಣ್ಣೆಯ ಪೊರೆ ಹರಿದಾಗ ಲೋಹವನ್ನು ಕಾಯುವುದು ಗಂಧಕ–ರಂಜಕದ ಸಂಯುಕ್ತ, ಆ ನಾತವೂ ಅದರದೇ. ಆದರೆ ಎಷ್ಟಿದೆಯೆಂದು ಮೂಗು ಹೇಳದು. ದಾರವಂತೂ ಶುದ್ಧ ಆಭಾಸ. ದಾರ ಬರಿಸುವ ಅಂಟು ಬೇರೆ, ಹೊರೆ ತಾಳುವ ರಸಾಯನ ಬೇರೆ.

ಉಳಿದದ್ದು ಶಬ್ದಪ್ರಮಾಣ, ಅಂದರೆ ಡಬ್ಬಿಶಾಸನ. ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯ ಶಾಸನದಲ್ಲಿ ಶಕ 940, ಅಂದರೆ ಕ್ರಿ.ಶ. 1018, ಎಂದು ವಿದ್ವಾಂಸರು ಓದಿದ್ದಾರೆ. ಹೋದ ವರ್ಷದ ಡಬ್ಬಿಯ ತೇದಿ ಮಾತ್ರ ಆಗಲೇ ತ್ರುಟಿತ. ಇರಲಿ, ನಮಗೆ ಬೇಕಾದದ್ದು ಎರಡು ಸಾಲು. ಒಂದು ‘80ಡಬ್ಲ್ಯೂ-90’. ಇದರಲ್ಲಿ 80ಡಬ್ಲ್ಯೂ ಎಂದರೆ −26 ಡಿಗ್ರಿಯ ಚಳಿಯಲ್ಲೂ ಎಣ್ಣೆ ಹೆಪ್ಪುಗಟ್ಟಿ ನಿಲ್ಲದೆಂಬ ಭರವಸೆ. ಅಂಥ ಚಳಿ ಬಂದರೆ ಸೊಲ್ಲಾಪುರದ ಚಾದರ್ ವ್ಯಾಪಾರಿಗಳ ಹರಕೆ ತೀರಿದಂತೆ. ಬರುವವರೆಗೆ ಬರೀ 90 ಸಾಕು.

ಎರಡನೆಯ ಸಾಲು ಜಿಎಲ್-4 ಅಥವಾ ಜಿಎಲ್-5. ಇಲ್ಲಿ ಪೂರ್ವಪಕ್ಷ: ಐದು ನಾಲ್ಕಕ್ಕಿಂತ ದೊಡ್ಡದು, ತುಟ್ಟಿಯದು, ಆದ್ದರಿಂದ ಶ್ರೇಷ್ಠ. ಖಂಡನೆ: ಜಿಎಲ್-5ರಲ್ಲಿ ಆ ಗಂಧಕದ ಪಾಲು ಹೆಚ್ಚುಕಡಿಮೆ ಇಮ್ಮಡಿ. ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ನಿಗೆ ಅದು ಬೇಕು. ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೋ ರಿಂಗುಗಳನ್ನು ಅದೇ ತಿನ್ನಬಲ್ಲದು. ತಪ್ಪು ಜಾಗಕ್ಕೆ ಸುರಿದ ತುಟ್ಟಿ ಎಣ್ಣೆಗಿಂತ ಸರಿಯಾದ ಗ್ರೇಡಿನ ಅಗ್ಗದ ಎಣ್ಣೆಯೇ ಪ್ರಬಲವೆಂದು ಸಿದ್ಧ.

ಅಪವಾದಗಳುಂಟು. ಆಯಿಲ್ ಬ್ರೇಕಿನ ಟ್ರ್ಯಾಕ್ಟರಿನಲ್ಲಿ ಗೇರೂ ಬ್ರೇಕೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಅಲ್ಲಿ ಬರೀ 90 ಸುರಿದರೆ, ಕಬ್ಬಿನ ಎರಡು ಟ್ರಾಲಿ ಹಿಂದಿರುವಾಗ ಬ್ರೇಕು ಕಿರುಚತೊಡಗುತ್ತದೆ. ಅದಕ್ಕೆ ಕಂಪನಿ ಹೇಳಿದ್ದೇ ಆಗಬೇಕು. ಬ್ಯಾರಲ್ಲಿನ ಲೂಸ್ ಎಣ್ಣೆ ಈ ಪ್ರಬಂಧದ ವ್ಯಾಪ್ತಿಗೆ ಹೊರಗು: ಕರ್ತೃ ಅಜ್ಞಾತ, ಕಾಲ ಅಜ್ಞಾತ, ಪೂರ್ವಜನ್ಮದಲ್ಲಿ ಎಂಜಿನ್ ಆಯಿಲ್ ಆಗಿದ್ದಿರಲೂಬಹುದು.

ಕೊನೆಗೆ ಕ್ಷೇತ್ರಕಾರ್ಯ. ಸಸ್ತಾ ಎಣ್ಣೆ ನಡೆಯುತ್ತದೆಯೇ ಎಂದು ಒಬ್ಬ ಜೀಪ್ ಮಾಲಕರು ಕೇಳಿದ್ದಕ್ಕೆ ಅಕ್ಕಲಕೋಟೆಯ ಮಿಸ್ತ್ರಿ, “ಸಸ್ತಾನೋ ತುಟ್ಟೀನೋ ಆಮ್ಯಾಲ ನೋಡೋಣ್ರಿ ಮಾಲಕ್ರ. ಮದ್ಲ ಒಳಗ ಏನರೆ ಅದ ಏನು, ನೋಡ್ತೀನಿ ತಡೀರಿ” ಎಂದು ಹೌಸಿಂಗಿನ ಫಿಲ್ಲರ್ ಬೋಲ್ಟ್ ಬಿಚ್ಚಿದರು. ಎಣ್ಣೆ ತೂತಿನ ಅಂಚಿಗೆ ಇರಬೇಕು. ಬೆರಳು ಇಳಿಯಿತು, ಒಣಗಿಯೇ ಬಂತು. ಬ್ರೀದರ್ ಮಣ್ಣಿನಿಂದ ಮುಚ್ಚಿ, ಒಳಗಿನ ಒತ್ತಡಕ್ಕೆ ಸೀಲ್ ಸೋತು, ಎಣ್ಣೆಯೆಲ್ಲ ಬ್ರೇಕ್ ಲೈನರ್ ಸೇರಿತ್ತು. ತುಟ್ಟಿ ಎಣ್ಣೆಯೂ ಅದೇ ದಾರಿ ಹಿಡಿಯುತ್ತಿತ್ತೇ ಎಂಬುದು ಎರಡನೆಯ ಸಂಪುಟದ ವಿಷಯ. ಸೀಲ್ ಬಂದ ಮೇಲೆ ಪ್ರಕಟವಾಗುತ್ತದೆ.