ತೂಕದ ಮನುಷ್ಯ

“ನಿನ್ನಂಥ ತೂಕದ ಮನುಷ್ಯ ಜೊತೇಲಿದ್ರೆ ನನಗೆ ಧೈರ್ಯ ಕಣಯ್ಯ” ಎಂದು ಭಾವ ಫೋನಿನಲ್ಲಿ ಹೇಳಿದಾಗ ನಾನು ಉಬ್ಬಿಹೋದೆ. ನಾವು ಷಡ್ಡಕರಾಗಿ ಇಪ್ಪತ್ತು ವರ್ಷ. ಅವರ ಬಾಯಿಂದ ನನ್ನ ಬಗ್ಗೆ ಒಳ್ಳೆಯ ಮಾತು ಬಂದದ್ದು ಅದೇ ಮೊದಲು.

ಸಂಗತಿ ಇಷ್ಟು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಡದಲ್ಲಿ ನಮ್ಮಿಬ್ಬರ ಮನೆ. ಭಾವ ಹಳೆಯದೊಂದು ಕ್ಯಾಟಲಿನಾ 22 ಹಾಯಿದೋಣಿ ಕೊಂಡಿದ್ದರು. ಹೆಸರಿನಲ್ಲಿ 22 ಅಡಿ, ಅಳೆದರೆ ಅರ್ಧ ಅಡಿ ಕಡಿಮೆ. ತೂಕ ಸುಮಾರು ಒಂದು ಟನ್. ಕಾರಿನ ಹಿಂದೆ ಟ್ರೈಲರ್ ಕಟ್ಟಿ ಎಳೆದುಕೊಂಡು ಹೋಗಬಹುದು. ರಸ್ತೆಗೆ ಹಗುರವಾದದ್ದು ಬೇಕು, ಸಮುದ್ರಕ್ಕೆ ಭಾರವಾದದ್ದು. ಇದು ಎರಡು ಮನೆಗೂ ಅಳಿಯನಾಗಲು ಹೊರಟ ದೋಣಿ. ಅದಕ್ಕೇ ಅದರ ಹೊಟ್ಟೆಯಡಿ 250 ಕಿಲೋ ತೂಕದ ಲೋಹದ ಹಲಗೆಯೊಂದನ್ನು ಕೀಲಿಗೆ ಸಿಕ್ಕಿಸಿದ್ದಾರೆ. ರಸ್ತೆಗೆ ಬಂದಾಗ ಹಿಡಿ ತಿರುಗಿಸಿ ಮೇಲೆತ್ತುವುದು, ನೀರಿಗಿಳಿದಾಗ ಕೆಳಗೆ ಬಿಡುವುದು. ಗಾಳಿ ದೋಣಿಯನ್ನು ಒರಗಿಸಿದಾಗ ಮತ್ತೆ ನೆಟ್ಟಗೆ ನಿಲ್ಲಿಸುವುದು ಈ ಹಲಗೆಯೇ. ಉಳಿದ ಕೆಲಸ ಯಾರದ್ದೆಂದು ಭಾವ ನನಗೆ ಹೇಳಿರಲಿಲ್ಲ.

ನಾನು ಮಧುಗಿರಿ ಕಡೆಯವನು. ನಮ್ಮೂರ ಕೆರೆಯಲ್ಲಿ ನೀರಿಗಿಂತ ಜಾಲಿ ಹೆಚ್ಚು.

ಜುಲೈ ತಿಂಗಳ ಶನಿವಾರ ಬೆಳಗ್ಗೆ ಬರ್ಕ್ಲಿಯಿಂದ ಹೊರಟಾಗ ಕೊಲ್ಲಿ ತಟ್ಟೆಗೆ ಸುರಿದ ಸಾರಿನಂತೆ ಸುಮ್ಮನಿತ್ತು. ಚಕ್ಕುಲಿ ತಿಂದೆವು. ಭಾವ ರಾಬರ್ಟ್ ಮ್ಯಾನ್ರಿಯ ಕಥೆ ಹೇಳಿದರು. ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದರಲ್ಲಿ ಬೇರೆಯವರ ಕಾಗುಣಿತ ತಿದ್ದುತ್ತಿದ್ದ ಈ ಪುಣ್ಯಾತ್ಮ 1965ರಲ್ಲಿ ‘ಟಿಂಕರ್‌ಬೆಲ್’ ಎಂಬ ಹದಿಮೂರೂವರೆ ಅಡಿಯ ದೋಣಿಯಲ್ಲಿ ಒಬ್ಬನೇ ಕೂತು 78 ದಿನಕ್ಕೆ ಅಟ್ಲಾಂಟಿಕ್ ದಾಟಿದನಂತೆ. “ಅವನದಕ್ಕಿಂತ ನಮ್ಮದು ಎಂಟಡಿ ದೊಡ್ಡದು!” ಎಂದರು.

ಮಧ್ಯಾಹ್ನ ಎರಡಾಯಿತು. ಬೇಸಿಗೆಯಲ್ಲಿ ಇಲ್ಲಿನ ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್ಕಿನ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಎಂಬ ಕಿರಿದಾದ ಬಾಗಿಲಿನಿಂದ ನುಗ್ಗುತ್ತದೆ. ತಲೆಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ತೆಗೆದಿಟ್ಟರೆ ನಡುಮನೆಯ ಕ್ಯಾಲೆಂಡರ್ ಹಾರುವುದಿಲ್ಲವೇ, ಹಾಗೆ. ನಾವು ನಡುಮನೆಯಲ್ಲಿದ್ದೆವು. ಬೆಳಗ್ಗೆ 10 ನಾಟ್ ಇದ್ದ ಗಾಳಿ 20 ದಾಟಿತು. ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಇದು ನನಗೆ ಮೊದಲು ತಿಳಿದದ್ದು ಬೆನ್ನುಮೂಳೆಯಿಂದ. ಸಾಲದ್ದಕ್ಕೆ ಇಳಿತದ ನೀರು ಗಾಳಿಗೆ ಎದುರಾಗಿ ಹೊರಗೆ ಹರಿಯುತ್ತಿತ್ತು. ಹಾಗಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಒಂದರಿಂದ ಇಳಿಯುವಷ್ಟರಲ್ಲಿ ಇನ್ನೊಂದು ಮುಖಕ್ಕೆ.

“ಮೇಲ್ಗಡೆ ಬಾ! ಇನ್ನೂ ಹೊರಕ್ಕೆ ವಾಲು!” ಎಂದು ಭಾವ ಕೂಗಿದರು. ಒರಗಿದ ದೋಣಿಯ ಎತ್ತರದ ಅಂಚಿಗೆ ಏರಿ, ಸೊಂಟವನ್ನು ಕೊಲ್ಲಿಯ ಮೇಲೆ ಚಾಚಿ ಕೂತಾಗ ‘ತೂಕದ ಮನುಷ್ಯ’ ಎಂಬ ಮಾತಿನ ಅರ್ಥ ಹೊಳೆಯಿತು. ನನ್ನ ತೂಕ 82 ಕಿಲೋ. ಇಷ್ಟು ಸಣ್ಣ ದೋಣಿಗೆ ಅದು ಚಿಲ್ಲರೆಯಲ್ಲ.

ಇತ್ತ ಚುಕ್ಕಾಣಿ ಭಾವನ ಕೈ ಕೀಳುತ್ತಿತ್ತು. ಹೆಚ್ಚು ಒರಗಿದ ಹಾಯಿದೋಣಿ ಗಾಳಿಯತ್ತಲೇ ಮುಖ ತಿರುಗಿಸಲು ಹಟ ಹಿಡಿಯುತ್ತದೆ. ಕೊನೆಗೆ ಗೊಂತಿಗೆ ಹೊರಟ ಎತ್ತಿನಂತೆ ಅದು ಸರ್ರನೆ ತಿರುಗಿ ನಿಂತೇಬಿಟ್ಟಿತು. ಹಾಯಿ ಪಟಪಟ ಬಡಿಯಿತು. ಹಿಂದಿನ ಮೋಟಾರು ಶುರು ಮಾಡಿದರೆ, ಅಲೆಗೆ ಹಿಂಭಾಗ ಎದ್ದಾಗಲೆಲ್ಲ ಅದರ ಪಂಖ ನೀರಿನಿಂದ ಹೊರಬಂದು ಕಿರುಚುತ್ತಿತ್ತು. ನಾನೂ ಕಿರುಚುತ್ತಿದ್ದೆನೆಂದು ಭಾವ ಆಮೇಲೆ ಹೇಳಿದರು.

“ಹಾಯಿ ಕಮ್ಮಿ ಮಾಡೋಣ ಭಾವ!”

“ಮಾಡಿದ್ರೆ ವೇಗ ಕಮ್ಮಿಯಾಗುತ್ತಯ್ಯ!”

ಆಗಲಿಲ್ಲ. ಇಷ್ಟು ಉದ್ದದ ದೋಣಿ ಎಷ್ಟು ಬಟ್ಟೆ ಕಟ್ಟಿದರೂ 6 ನಾಟ್ ದಾಟಲು ಒದ್ದಾಡುತ್ತದೆ, ಅಂದರೆ ಗಂಟೆಗೆ 11 ಕಿಲೋಮೀಟರು. ನಾನು ಮನೆದೇವರಿಗೆ ಹರಕೆ ಹೊತ್ತದ್ದು ಸೈಕಲ್ಲಿಗಿಂತ ನಿಧಾನವಾದ ವಾಹನದಲ್ಲಿ! ಹೆಚ್ಚಿನ ಗಾಳಿ ವೇಗ ಕೊಡುವುದಿಲ್ಲ, ಒರಗಿಸುತ್ತದೆ ಅಷ್ಟೆ. ಮುಂದಿನ ಹಾಯಿಯನ್ನು ಇಳಿಸಿ, ದೊಡ್ಡ ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಿದೆವು. ಇದಕ್ಕೆ ರೀಫ್ ಎನ್ನುತ್ತಾರೆ. ನಮ್ಮ ಕಡೆ ಹೇಳುವುದಾದರೆ ಪಂಚೆ ಎತ್ತಿ ಕಟ್ಟುವುದು. ಹಳ್ಳಕ್ಕೆ ಇಳಿಯುವ ಮೊದಲೇ ಕಟ್ಟಬೇಕಾದ್ದನ್ನು ನಾವು ಸೊಂಟದವರೆಗೆ ಮುಳುಗಿದ ಮೇಲೆ ಕಟ್ಟಿದೆವು. ಕಟ್ಟಿದ್ದೇ ತಡ, ದೋಣಿ ಅರ್ಧಕ್ಕರ್ಧ ನೆಟ್ಟಗಾಯಿತು, ಚುಕ್ಕಾಣಿ ಮೆತ್ತಗಾಯಿತು, ಭಾವನೂ ಕೊಂಚ ಮೆತ್ತಗಾದರು.

ಮನೆಗೆ ಬಂದು ಮ್ಯಾನ್ರಿಯ ಕಥೆಯ ಉಳಿದರ್ಧ ಓದಿದೆ. ಬಿರುಗಾಳಿ ಬಂದಾಗ ಅವನು ಹಾಯಿಗಳನ್ನು ಪೂರ್ತಿ ಇಳಿಸಿ, ನೀರಿನಲ್ಲಿ ತೇಲುಲಂಗರು ಬಿಟ್ಟು ಸುಮ್ಮನೆ ಕಾಯುತ್ತಿದ್ದ. ಅಲೆಗಳು ಅವನನ್ನು ಹಲವು ಸಲ ಸಮುದ್ರಕ್ಕೆ ಎಸೆದವು. ದೋಣಿಗೆ ಹಗ್ಗದಿಂದ ಕಟ್ಟಿಕೊಂಡಿದ್ದರಿಂದ ಮತ್ತೆ ಹತ್ತಿ ಬಂದ. ಭಾವ ಈ ಭಾಗವನ್ನು ನುಂಗಿದ್ದರು.

ಮೊನ್ನೆ ಮತ್ತೆ ಫೋನು ಬಂತು. ಹತ್ತು ಕಿಲೋ ಇಳಿಸಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಆಚೆ ಕಡೆ ತುಸು ಹೊತ್ತು ಮೌನ. “ಈಗ ಬೇಡ ಕಣಯ್ಯ, ಅಕ್ಟೋಬರಲ್ಲಿ ಇಳಿಸ್ಕೋ” ಎಂದರು ಭಾವ. ಅಷ್ಟು ಹೊತ್ತಿಗೆ ಇಲ್ಲಿ ಗಾಳಿಯೂ ಇಳಿದಿರುತ್ತದೆ.