ಜಾರುಮೀಮಾಂಸೆ: ನುಣುಪು ಹಿಡಿಯ ಚಾಕು ಮತ್ತು ಕೊಡಗಿನ ಮಳೆ

ಮಡಚುವ ಚಾಕುವಿನ ಅಲಗಿನ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಹಿಡಿಯ ವಿಷಯ ಬಂದಾಗ ವಿದ್ವಾಂಸರು ಜಾಣಮೌನ ತಾಳಿದ್ದಾರೆ. ಅಲಗು ಮೊಂಡಾದರೆ ಕೆಲಸ ಕೆಡುತ್ತದೆ, ಹಿಡಿ ಜಾರಿದರೆ ಬೆರಳೇ ಹೋಗುತ್ತದೆ. ಆದರೂ ಅಂಗಡಿಯಲ್ಲಿ ಗಿರಾಕಿ ಪರೀಕ್ಷಿಸುವುದು ಅಲಗಿನ ಹರಿತವನ್ನೇ. ಈ ಲೋಪ ತುಂಬಲು ಕೊಡಗಿಗಿಂತ ಪ್ರಶಸ್ತ ಪ್ರಯೋಗಶಾಲೆ ಸಿಗದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಬೀಳುತ್ತದೆ. ಆ ನಾಲ್ಕು ತಿಂಗಳು ಸ್ಟೀಲ್ ಹಿಡಿ ಹೊಳೆಮೀನಿನಂತೆ ಜಾರುತ್ತದೆ. ಮೀನಿಗೆ ಹುರುಪೆಯಾದರೂ ಇದೆ. ಸಾಲದ್ದಕ್ಕೆ, ತೋಟಗಳಲ್ಲಿ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಹದ ನೋಡುವುದೂ ಚಾಕುವಿನಿಂದಲೇ: ಅದ್ದಿದ ಅಲಗಿಗೆ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅದ್ದಿದ ಉಪಕರಣವೇ ಡ್ರಮ್ಮಿನ ತಳ ಸೇರಿದರೆ ಫಲಿತಾಂಶ ಓದುವುದು ಹೇಗೆ?

ನಮ್ಮ ಸಿದ್ಧಾಂತ ಇಷ್ಟೇ: ಒರಟೇ ಹಿಡಿತ, ಹಿರಿಯರು ಆ ಒರಟನ್ನು ಅಲಂಕಾರದ ಹೆಸರಿನಲ್ಲಿ ಉಳಿಸಿಕೊಂಡು ಬಂದರು. ಇದಕ್ಕೆ ಸಾಕ್ಷಿ ಪೀಚೆಕತ್ತಿ. ಕುಪ್ಯವೆಂಬ ನಿಲುವಂಗಿಯ ಮೇಲೆ ನಡುಪಟ್ಟಿಯಾಗಿ ಬಿಗಿದ ಕೆಂಪು ಚೇಲೆಯಲ್ಲಿ ಕೊಡವರು ಮುಂದುಗಡೆ ಸಿಕ್ಕಿಸಿಕೊಳ್ಳುವ ಈ ಕತ್ತಿಯ ಬೆಳ್ಳಿ ಕುಸುರಿಯನ್ನು ಜನ ಸೌಂದರ್ಯವೆಂದು ಭ್ರಮಿಸಿದ್ದಾರೆ. ಶಾಸ್ತ್ರದೃಷ್ಟಿಯಲ್ಲಿ ಅದರ ಪ್ರತಿ ಉಬ್ಬೂ ಬೆರಳಿಗೆ ತಡೆ, ಪ್ರತಿ ಗೆರೆಯೂ ನೀರಿಗೆ ಕಾಲುವೆ. 'ಪೀಚೆಕತ್ತಿ ಒರೆಯಿಂದ ಹೊರಗೆ ಬರುವುದೇ ಅಪರೂಪ, ಹಿಡಿತದ ಪರೀಕ್ಷೆ ಆದದ್ದೆಲ್ಲಿ?' ಎಂದು ಪೂರ್ವಪಕ್ಷದವರು ಕೇಳಬಹುದು. ಹೊರಗೆ ಬಾರದ ಕತ್ತಿ ಕೈಜಾರಿದ ಉದಾಹರಣೆ ಒಂದೂ ಇಲ್ಲ. ಇದಕ್ಕಿಂತ ನಿರ್ದೋಷವಾದ ದಾಖಲೆ ಯಾವ ಉಪಕರಣಕ್ಕಿದೆ? ಇದರಿಂದಲೂ ತೃಪ್ತರಾಗದವರು ಅಗಲ ಅಲಗಿನ ಒಡಿಕತ್ತಿಯನ್ನು ನೋಡಲಿ. ಕೊಡವರ ಮದುವೆಯಲ್ಲಿ ಅದರಿಂದ ಬಾಳೆ ಕಡಿಯುವ ಶಾಸ್ತ್ರವಿದೆ. ದಿಂಡಿನ ತುಂಬ ನೀರು, ಸುತ್ತ ಎರಡೂ ಕಡೆಯ ನೆಂಟರು. ಅಲ್ಲಿ ಹಿಡಿ ಜಾರುವುದು ಸಂಬಂಧ ಬೆಳೆಸುವ ಕ್ರಮವಲ್ಲ.

ಎರಡನೆಯ ಆಕ್ಷೇಪ ಪ್ಯಾರಿಸ್‌ನಿಂದ ಬರುತ್ತದೆ. ಘರ್ಷಣೆ ಅದುಮುವ ಬಲಕ್ಕೆ ತಕ್ಕಂತೆ ಹೆಚ್ಚುತ್ತದೆಯೇ ಹೊರತು ತಾಗುವ ಜಾಗದ ವಿಸ್ತಾರವನ್ನು ಅವಲಂಬಿಸಿಲ್ಲ ಎಂದು ಅಲ್ಲಿನ ವಿಜ್ಞಾನಿ ಅಮೊಂಟನ್ಸ್ 1699ರಲ್ಲಿ ಸಾರಿದ. ಹಾಗಾದರೆ ಕುಸುರಿ ಏಕೆ, ಅದುಮಿ ಹಿಡಿದರೆ ಸಾಲದೇ? ಸಾಲದು. ಆ ನಿಯಮ ಒಣ ವಸ್ತುಗಳದ್ದು. ಆಷಾಢದ ಭಾಗಮಂಡಲದಲ್ಲಿ ಒಣ ವಸ್ತು ಎಂಬುದು ಬರೀ ಕಲ್ಪನೆ. ಅಂಗೈಗೂ ಲೋಹಕ್ಕೂ ನಡುವೆ ನೀರಿನ ಪದರ ಸೇರಿದರೆ ನಾವು ಹಿಡಿದಿರುವುದು ಚಾಕುವನ್ನಲ್ಲ, ನೀರನ್ನು. ಪಂದಿಕರಿಗೆ ಮಾಂಸ ಹೆಚ್ಚುವ ಕೈಯಾದರೆ ಆ ಪದರ ಕೊಬ್ಬಿನದು. ಅದುಮಿದಷ್ಟೂ ಕೈ ಸೋಲುತ್ತದೆ, ಹಿಡಿ ಗೆಲ್ಲುತ್ತದೆ.

ಇನ್ನು ಪರಿಹಾರ. ಜೇಬಿನ ಚಾಕುವಿಗೆ ಬೆಳ್ಳಿ ಕಟ್ಟಿಸುವುದು ಇಂದಿನ ಬೆಳ್ಳಿ ದರದಲ್ಲಿ ಶಾಸ್ತ್ರಸಮ್ಮತ, ಗೃಹಸಮ್ಮತವಲ್ಲ. ನೂಲು ಸುತ್ತಿದರೆ ಮಳೆಗಾಲ ಮುಗಿಯುವ ಮೊದಲೇ ಬೂಷ್ಟು ಬರುತ್ತದೆ. ಉಳಿದದ್ದು ಸೈಕಲ್ ಟ್ಯೂಬ್. ಆದರೆ ಮಡಚುವ ಚಾಕುವಿಗೆ ಅದನ್ನೂ ಸುತ್ತಬಾರದು: ಅಲಗು ಕೂರುವ ಸೀಳು ಮುಚ್ಚಿಹೋಗಿ ಚಾಕು ಸದಾ ಬಿಚ್ಚಿಯೇ ಇರುತ್ತದೆ, ಇಲ್ಲವೇ ಸದಾ ಮಡಚಿಯೇ ಇರುತ್ತದೆ. ಎರಡನೆಯದರಲ್ಲಿ ಅಪಾಯ ಸೊನ್ನೆ, ಉಪಯೋಗವೂ ಅಷ್ಟೇ. ಆದ್ದರಿಂದ ಟ್ಯೂಬನ್ನು ಸುತ್ತದೆ ಮಗ್ಗುಲಿಗೆ ಅಂಟಿಸಬೇಕು. ಮೊದಲು ಹಿಡಿಯ ಎರಡು ಮಗ್ಗುಲನ್ನೂ ಮರಳುಕಾಗದದಿಂದ ಉದ್ದಕ್ಕಲ್ಲ, ಅಡ್ಡಕ್ಕೆ ಉಜ್ಜಬೇಕು. ಕೈ ಜಾರುವುದು ಉದ್ದಕ್ಕೆ, ಗೆರೆಗಳು ಅದಕ್ಕೆ ಅಡ್ಡ ನಿಲ್ಲಬೇಕು. ಜಿಡ್ಡು ಒರೆಸಿ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಸವರಿ, ಅದು ಅರೆ ಒಣಗಿದ ಮೇಲೆ ಟ್ಯೂಬಿನ ತುಂಡು ಒತ್ತಿದರೆ ಆಯಿತು.

'ಇದರಿಂದ ಚಾಕುವಿನ ಅಂದ ಕೆಡುತ್ತದೆ' ಎಂಬುದು ಕೊನೆಯ ಆಕ್ಷೇಪ. ಕೆಡುತ್ತದೆ, ಸಂಶಯವೇ ಇಲ್ಲ. ಸಿದ್ಧಾಂತ ಪೂರ್ಣವಾಗುವುದೂ ಇಲ್ಲಿಯೇ. ಥಳಥಳಿಸುವ ಚಾಕು ಎರಡು ಬಗೆಯಲ್ಲಿ ಕೈತಪ್ಪುತ್ತದೆ: ಮಳೆಯಲ್ಲಿ ಚರಂಡಿಗೆ, ಬಿಸಿಲಿನಲ್ಲಿ 'ಒಂದ್ನಿಮಿಷ ಕೊಡಿ' ಎಂದವರ ಜೇಬಿಗೆ. ಮೊದಲನೆಯದಕ್ಕೆ ಘರ್ಷಣೆಯಲ್ಲಿ ಮದ್ದಿದೆ, ಎರಡನೆಯದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಪಂಕ್ಚರ್ ಹಾಕಿಸಿಕೊಂಡಂತೆ ಕಾಣುವ ಚಾಕುವನ್ನಾದರೋ ಎರವಲು ಕೇಳುವವರೇ ಕಡಿಮೆ. ಕೇಳಿದವರೂ ಕೆಲಸ ಮುಗಿದೊಡನೆ ಹಿಂದಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ.