ಜಾಕ್ ಮೀಮಾಂಸೆ ಅಥವಾ ಗಾಲಿಯ ಊರ್ಧ್ವಗತಿ

ಹಳೆಯ ಅಮೆರಿಕನ್ ಕಾರುಗಳ ಡಿಕ್ಕಿಯಲ್ಲಿ ಗೋಣಿತಾಟು ಹೊದ್ದು ಮಲಗಿರುತ್ತಿದ್ದ ಬಂಪರ್ ಜಾಕ್ ಎಂಬ ಪದಾರ್ಥದ ಬಗ್ಗೆ ಕನ್ನಡದಲ್ಲಿ ಮಹಾಪ್ರಬಂಧವೊಂದು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆ ಇಲ್ಲಿಗೆ ನೀಗಿತು. ಶಾಸ್ತ್ರ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕಂತೆ. ವಿಷಯ, ಜಾಕ್. ಪ್ರಯೋಜನ, ಕತ್ತಲಾಗುವುದರೊಳಗೆ ಮನೆ ಸೇರುವುದು. ಸಂಬಂಧ, ಕಾರು ನಮ್ಮ ಸೋದರಮಾವನದು. ಅಧಿಕಾರಿ, ಬಿಳಿ ಪಂಚೆ ಉಟ್ಟು ಮದುವೆಗೆ ಹೊರಟವನು. ಪಂಚರ್ ಆಗುವುದು ಅಂಥವನಿಗೇ.

ಮೊದಲು ಲಕ್ಷಣ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಡಿತಟ್ಟೆ, ಅದರ ಮೇಲೆ ನಿಲ್ಲುವ ಹಲ್ಲುಗಂಬ, ಆ ಹಲ್ಲುಗಳನ್ನು ಕಚ್ಚಿ ಮೇಲೇರುವ ಒಂದು ಕಬ್ಬಿಣದ ಗೂಡು, ಗೂಡಿಗೆ ಬಂಪರನ್ನು ಹಿಡಿಯುವ ಕೊಕ್ಕೆ. ಇವೆಲ್ಲಕ್ಕೂ ಒಡೆಯನಂತೆ ಒಂದು ಕೋಲು. ಅದೇ ಸನ್ನೆಗೋಲು, ಅದೇ ನಟ್ ಬಿಚ್ಚುವ ಪಾನಾ, ಅದರ ಚಪ್ಪಟೆ ತುದಿಯೇ ವೀಲ್ ಕ್ಯಾಪ್ ಎಬ್ಬಿಸುವ ಮೀಟುಗೋಲು. ಅನೇಕಾಂತವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಶ್ರವಣಬೆಳಗೊಳದ ದಾರಿಯಲ್ಲೂ ನನಗೆ ಸಿಕ್ಕಿಲ್ಲ.

ಛಂದಸ್ಸಿನ ವಿಚಾರ. ಕೋಲನ್ನು ಒತ್ತಿದಾಗ ಜಾಕ್ ‘ಕಟಕ್’ ಎನ್ನುತ್ತದೆ. ಒಂದು ಲಘು, ಒಂದು ಗುರು, ಒಟ್ಟು ಮೂರು ಮಾತ್ರೆ. ಆದ್ದರಿಂದ ಇದು ಉತ್ಸಾಹ ರಗಳೆ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೆ ಗುರು ಬರಬಾರದೆಂಬ ನಮ್ಮ ನಿಯಮವನ್ನು ಡೆಟ್ರಾಯಿಟ್‌ನವರು ಲೆಕ್ಕಕ್ಕೆ ಇಟ್ಟುಕೊಂಡಂತಿಲ್ಲ. ನಲವತ್ತನೆಯ ಕಟಕ್ಕಿನ ಹೊತ್ತಿಗೆ ಉತ್ಸಾಹ ಛಂದಸ್ಸಿನ ಹೆಸರಿನಲ್ಲಷ್ಟೇ ಉಳಿದಿರುತ್ತದೆ.

ವ್ಯಾಕರಣವೂ ಕಡಮೆ ಸ್ವಾರಸ್ಯದ್ದಲ್ಲ. ಜಾಕು ಇದೆ, ಜಾಕನ್ನು ಹುಡುಕು, ಜಾಕಿನಿಂದ ಎತ್ತು, ಇಲ್ಲಿಯವರೆಗೆ ಎಲ್ಲವೂ ಸುಗಮ. ಪಂಚಮಿಗೆ ಹಳೆಯ ವ್ಯಾಕರಣಗಳು ‘ದೆಸೆಯಿಂದ’ ಎಂಬ ಪ್ರತ್ಯಯ ಹೇಳಿ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂಬಂಥ ಉದಾಹರಣೆ ಕೊಡುತ್ತವೆ. ಕನ್ನಡದಲ್ಲಿ ಪಂಚಮಿ ಯಾಕೆ ಬೇಕು, ತೃತೀಯೆಯೇ ಸಾಲದೇ ಎಂದು ವಾದಿಸುವವರು ‘ಜಾಕಿನ ದೆಸೆಯಿಂದ ಕಾರು ಬಿತ್ತು’ ಎಂಬ ಪ್ರಯೋಗವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದಾದ ಮೇಲೆ ಉಳಿಯುವುದು ಸಂಬೋಧನೆಯೊಂದೇ. ನಮ್ಮ ಮಾವ ಬಳಸಿದ ಸಂಬೋಧನೆಗಳು ಅಚ್ಚಿಗೆ ಯೋಗ್ಯವಲ್ಲ.

ಈಗ ಪ್ರಬಂಧದ ತಿರುಳು. ಬಂಪರ್ ಜಾಕ್ ಕಾರನ್ನು ಎತ್ತುತ್ತದೆ ಎಂಬುದು ಲೋಕರೂಢಿಯ ಭ್ರಮೆ. ಅದು ಎತ್ತುವುದು ಬಂಪರನ್ನು. ಬಂಪರ್ ಏರಿದ ಮೇಲೆ ಬಾಡಿ ಏರುತ್ತದೆ. ಬಾಡಿ ಏರುತ್ತ ಹೋದಂತೆ ಇಷ್ಟು ದಿನ ಅದುಮಿಟ್ಟಿದ್ದ ಸ್ಪ್ರಿಂಗುಗಳು ನೆಮ್ಮದಿಯಿಂದ ಮೈ ಚಾಚುತ್ತವೆ. ಅವು ಪೂರ್ತಿ ಚಾಚಿ ಮುಗಿಯುವವರೆಗೆ ಗಾಲಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಬೆಂಗಳೂರಿನಲ್ಲಿ ಸಹಿಯಾದ ಆದೇಶ ಹೋಬಳಿಗೆ ತಲುಪುವ ಕ್ರಮ ಇದೇ. ಬೇರೆ ಜಾಕುಗಳನ್ನು ಅಚ್ಚಿನ ಕೆಳಗೇ ಕೊಟ್ಟರೆ ಗಾಲಿ ಬೇಗ ಏಳುತ್ತದೆ, ನಿಜ. ಆದರೆ ಅದಕ್ಕೆ ರಸ್ತೆಯ ಮೇಲೆ ಮಲಗಬೇಕು, ಅಧಿಕಾರಿಯ ಪಂಚೆ ಬಿಳಿಯದು. ಬಂಪರ್ ಜಾಕಿಗೆ ನಿಂತೇ ಕೈಹಾಕಬಹುದು; ಅದರ ಏಕೈಕ ದೊಡ್ಡಗುಣ ಇದು.

ದೋಷಗಳಿಗೆ ಬರೋಣ. ಕಾರಿನ ಒಂದು ತುದಿ ನೆಟ್ಟಗೆ ಏರುವುದಿಲ್ಲ, ಇನ್ನೊಂದು ತುದಿಯ ಗಾಲಿಗಳನ್ನು ಕೇಂದ್ರವಾಗಿಟ್ಟುಕೊಂಡು ಕಮಾನಿನ ದಾರಿಯಲ್ಲಿ ಏರುತ್ತದೆ. ಕಂಬ ಅದರ ಜೊತೆಗೆ ವಾಲುತ್ತದೆ. ಓರೆಗಾಲಿಗೆ, ಅಂದರೆ ಎತ್ತುವ ಗಾಲಿಯಿಂದ ಅಡ್ಡಮೂಲೆಯಲ್ಲಿರುವ ಗಾಲಿಗೆ, ಕಲ್ಲು ಕೊಡಬೇಕು. ಹ್ಯಾಂಡ್ ಬ್ರೇಕ್ ಹಾಕಿದ್ದೇನಲ್ಲ ಎಂಬ ಶಬ್ದಪ್ರಮಾಣ ಇಲ್ಲಿ ನಿಲ್ಲದು. ಕ್ರೈಸ್ಲರ್ ಬಳಗದ ಕಾರುಗಳಲ್ಲಿ 1950ರ ದಶಕದಲ್ಲೂ ಆ ಬ್ರೇಕ್ ಗಾಲಿಗಳನ್ನು ಹಿಡಿಯುತ್ತಿರಲಿಲ್ಲ, ಗೇರ್‌ಬಾಕ್ಸಿನ ಹಿಂದಿನ ದಂಡವನ್ನು ಹಿಡಿಯುತ್ತಿತ್ತು. ಹಿಂದಿನ ಒಂದು ಗಾಲಿಯನ್ನು ಎತ್ತಿದಿರೋ, ಡಿಫರೆನ್ಷಿಯಲ್ ಎಂಬ ಮಧ್ಯಸ್ಥ ಅದನ್ನು ಗಾಳಿಯಲ್ಲಿ ತಿರುಗಲು ಬಿಟ್ಟು, ನೆಲದ ಮೇಲಿನ ಗಾಲಿಗೂ ಉರುಳಲು ಅನುಮತಿ ಕೊಡುತ್ತಾನೆ. ಬ್ರೇಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಕಾರೂ ತನ್ನ ದಾರಿ ಹಿಡಿಯುತ್ತದೆ.

ನಟ್ಟುಗಳನ್ನು ಬಿಚ್ಚುವುದರಲ್ಲಿ ಎರಡು ಪಂಥ. ಎತ್ತಿ ಸಡಿಲಿಸು ಎಂಬುದು ಪೂರ್ವಪಕ್ಷ. ಎತ್ತಿದ ಮೇಲೆ ನಟ್ ತಿರುಗಿಸಿದರೆ ಗಾಲಿಯೂ ಜೊತೆಯಲ್ಲೇ ತಿರುಗುವುದರಿಂದ, ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸು ಎಂಬುದು ಸಿದ್ಧಾಂತ. ಕ್ರೈಸ್ಲರ್‌ನವರದು ಇಲ್ಲೂ ಪ್ರತ್ಯೇಕ ಸಂಪ್ರದಾಯ: 1960ರ ದಶಕದುದ್ದಕ್ಕೂ ಎಡಗಡೆಯ ಗಾಲಿಗಳಿಗೆ ಉಲ್ಟಾ ಮರೆ. ಬಿಗಿಯಾಗಿದೆ ಎಂದು ಪಾನಾದ ಮೇಲೆ ಹತ್ತಿ ನಿಂತು ಕುಣಿದವನು ಅದನ್ನು ಇನ್ನಷ್ಟು ಬಿಗಿಮಾಡಿರುತ್ತಾನೆ. ಈ ವಾಮಾಚಾರಕ್ಕೆ ಬೋಲ್ಟುಗಳು ಮುರಿದು ಬಲಿಯಾಗಿವೆ.

ನಿರುಕ್ತದ ಒಂದು ಮಾತು. ‘ಸ್ಟೆಪ್ನಿ’ ಎಂಬುದನ್ನು ‘ಸ್ಟೆಪ್ ನೀ’ ಎಂದು ಬಿಡಿಸಿ, ‘ನೀನು ಇಳಿದು ಹೆಜ್ಜೆಹಾಕು’ ಎಂದು ಅರ್ಥ ಹೇಳುವ ಪಂಡಿತರು ನಮ್ಮ ಮನೆಯಲ್ಲೇ ಇದ್ದರು. ಅನುಭವಕ್ಕೆ ಹತ್ತಿರವಾದರೂ ಇದು ಅಗ್ರಾಹ್ಯ. ವೇಲ್ಸ್‌ನ ಲಾನೆತ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು 1904ರ ಸುಮಾರಿಗೆ ಅಧಿಕ ಗಾಲಿಯ ವ್ಯಾಪಾರ ಹೂಡಿದರು. ಬೀದಿಯ ಹೆಸರೇ ಗಾಲಿಗೆ ಬಂತು. ಅವರದು ಕಡ್ಡಿಗಳಿಲ್ಲದ ಬರೀ ಬಳೆ, ಪಂಚರಾದ ಗಾಲಿಯ ಪಕ್ಕಕ್ಕೇ ಬಿಗಿಯುವಂಥದ್ದು. ಇಂಗ್ಲೆಂಡ್ ಆ ಶಬ್ದವನ್ನು ಮರೆತಿದೆ. ತುಮಕೂರಿನ ಲಾರಿ ಕ್ಲೀನರ್ ಮರೆತಿಲ್ಲ.

ಇನ್ನು ಕ್ಷೇತ್ರಕಾರ್ಯ. ಅಮೆರಿಕದ ಕಾರುಗಳು ಒಂದು ಕಾಲಕ್ಕೆ ಬೊಂಬಾಯಿಯಲ್ಲೇ ಜೋಡಣೆಯಾಗುತ್ತಿದ್ದವು: 1928ರಿಂದ ಷೆವ್ರಲೆ, ಸ್ವಾತಂತ್ರ್ಯ ಬಂದ ಕಾಲದಿಂದ ಡಾಜ್, ಪ್ಲಿಮತ್. ಮಾವನದು ಅಂಥದೊಂದು, ಎಷ್ಟನೆಯ ಕೈಯದೋ ಅವರೇ ಎಣಿಸಿರಲಿಲ್ಲ. ತಿಪಟೂರಿನ ಆಚೆ, ಮಳೆ ನಿಂತ ಮಧ್ಯಾಹ್ನ, ತೋಟದ ಪಕ್ಕದ ಮಣ್ಣಿನ ಮೇಲೆ ಪ್ರಯೋಗ ನಡೆಯಿತು. ಅಡಿತಟ್ಟೆಯ ಕೆಳಗೆ ಹಲಗೆ ಇಡಬೇಕೆಂಬ ಸೂತ್ರ ಇಬ್ಬರಿಗೂ ಗೊತ್ತಿತ್ತು, ಹಲಗೆ ಮನೆಯಲ್ಲಿತ್ತು.

“ಮಾವ, ಕಂಬ ವಾಲ್ತಾ ಇದೆ.”

“ಸುಮ್ನಿರೋ. ಅಮೆರಿಕದ್ದು ಅದು.”

ಕಾರು ಮೇಲೇಳಲಿಲ್ಲ, ಅಡಿತಟ್ಟೆ ಕೆಳಗಿಳಿಯಿತು. ನ್ಯೂಟನ್ನನ ಪ್ರಕಾರ ಎರಡಕ್ಕೂ ವ್ಯತ್ಯಾಸವಿಲ್ಲವಾದ್ದರಿಂದ ಮಾವ ಕಟಕ್ಕು ಮುಂದುವರಿಸಿದರು. ಕೊನೆಗೆ ಗಾಲಿ ಎರಡು ಬೆರಳು ಎದ್ದಿತು. ವೀಲ್ ಕ್ಯಾಪನ್ನು ತಟ್ಟೆ ಮಾಡಿ ನಟ್ಟುಗಳನ್ನು ಅದರೊಳಗೆ ಹಾಕಿಕೊಂಡು ನಾನು ಕುಳಿತಿದ್ದೆ. ಆಮೇಲೆ ಪಂಚಮೀ ವಿಭಕ್ತಿ. ಸ್ಟೆಪ್ನಿ ಅಷ್ಟರಲ್ಲಿ ಕೂತು, ಎರಡು ನಟ್ ಬಿಗಿದಾಗಿತ್ತು, ಕೈಯೂ ಆಚೆ ಇತ್ತು. ಮದುವೆ ಊಟ ಮಾತ್ರ ತಪ್ಪಿತು.

ಅವಸಾನದ ಕಥೆ ಚಿಕ್ಕದು. 1973ರ ಮಾದರಿಗಳಿಂದ ಅಮೆರಿಕ ಸರ್ಕಾರ, ಗಂಟೆಗೆ 5 ಮೈಲಿಯಲ್ಲಿ ಗುದ್ದಿದರೂ ಮುಂದಿನ ದೀಪಗಳು ಕೆಡದಂಥ ಬಂಪರ್ ಬೇಕೆಂದಿತು. ಕ್ರಮೇಣ ಬಂಪರ್ ಪ್ಲಾಸ್ಟಿಕ್ ಹೊದ್ದುಕೊಂಡಿತು, ಕೊಕ್ಕೆಗೆ ಹಿಡಿಯಲು ಏನೂ ಉಳಿಯಲಿಲ್ಲ. ಬಾಗಿಲ ಕೆಳಗೆ ಕೂರುವ ಕತ್ತರಿ ಜಾಕ್ ಬಂತು. ಅದಕ್ಕೆ ಛಂದಸ್ಸಿಲ್ಲ, ಬರೀ ಕಿರುಗುಟ್ಟುತ್ತದೆ.

ತಿಪಟೂರಿನ ಆ ತೋಟದವರಲ್ಲಿ ಒಂದು ವಿನಂತಿ. ಅಗೆಯುವಾಗ ನಡುವೆ ತೂತಿರುವ ಕಬ್ಬಿಣದ ತಟ್ಟೆ ಸಿಕ್ಕರೆ ದಯವಿಟ್ಟು ಎತ್ತಿಡಿ. ಕಂಬ ನಮ್ಮಲ್ಲಿದೆ, ಸದ್ಯಕ್ಕೆ ಅದಕ್ಕೆ ಕರು ಕಟ್ಟಿದ್ದೇವೆ.